ಹೊಕ್ಕುಳಲ್ಲಿ ಉಚ್ಚೆ ಹೊಯ್ಯುವ ಕರು

ನೋಡಿ ಸ್ನೇಹಿತರೇ, ನಮ್ಮ ಹಸು ನಿನ್ನೆ ಹಾಕಿದ ಗಂಡುಕರು ಹೊಕ್ಕುಳಲ್ಲಿ ಉಚ್ಚೆ ಹೊಯ್ಯುತ್ತಿತ್ತು. ಕೀವು ಕಟ್ಟಿಕೊಂಡರೆ ಸತ್ತೇ ಹೋಗುತ್ತದೆಂದು ನಾನು ರಾತ್ರಿಯೇ ದನದ ಡಾಕ್ಟರಿಗೆ ಹೇಳಿ ಕಳಿಸಿದ್ದೆ. ನಮ್ಮ ಕುಂಬಾರಕೊಪ್ಪಲಿನವರಿಗೆ ಮಾತ್ರ ಇದು ಪವಾಡ. ಬೆಳಿಗ್ಗೆಯೇ ಪಕ್ಕದ ಮನೆಯ ಪುಟ್ಟತಾಯಮ್ಮ ಪೂಜೆಯ ತಟ್ಟೆ ಹಿಡಿದು, ಹಿಂದೆ ಹತ್ತು ಜನರನ್ನು ಕಟ್ಟಿಕೊಂಡು ಬಂದರು. ಆ ಗೋಮೂತ್ರ ಹಿಡಿಯಲು ಎಲ್ಲರ ಕೈಯಲ್ಲೂ ಒಂದೊಂದು ಲೋಟ.

ಅಷ್ಟರಲ್ಲಿ ದನದ ಡಾಕ್ಟರು ಸೈಕಲ್ಲಿನಲ್ಲಿ ಬಂದರು. ಹುಟ್ಟಿದ ಕೂಡಲೇ ಮುಚ್ಚಬೇಕಾದ ನಾಳ ಮುಚ್ಚಿಲ್ಲ, ಕೊಯ್ದು ಕಟ್ಟಿ ಹೊಲಿಗೆ ಹಾಕಬೇಕು ಅಂದರು.

“ದೇವರ ಮೈಗೆ ಕತ್ತಿ ಹಾಕ್ತೀರಾ ಸ್ವಾಮಿ?” ಅಂತ ಪುಟ್ಟತಾಯಮ್ಮ ಅಡ್ಡ ನಿಂತರು.

ಡಾಕ್ಟರು ತಲೆ ಎತ್ತದೆ, “ಪಾದ ಹಿಡಿಯೋಕೆ ತಾನೇ ನೀವು ಬಂದಿರೋದು? ನಾಲ್ಕಿದಾವೆ ಕಣಮ್ಮ, ಗಟ್ಟಿಯಾಗಿ ಹಿಡ್ಕೊಳ್ಳಿ” ಅಂದರು.

ಅಂಗಳ ಖಾಲಿಯಾಯಿತು. ಕೊನೆಗೆ ಹೊಲಿಗೆ ಮುಗಿಯುವವರೆಗೂ ನಾನೂ ನನ್ನ ಹೆಂಡತಿಯೂ ಎರಡೆರಡು ಕಾಲು ಹಿಡಿದುಕೊಂಡೆವು.

ಸಂಜೆ ಕರು ಸರಿಯಾದ ಕಡೆಯಿಂದಲೇ ಹೊಯ್ಯಿತು. ಗೋಡೆಯಾಚೆಯಿಂದ ಇಣುಕಿದ ಪುಟ್ಟತಾಯಮ್ಮ, “ಅಯ್ಯೋ, ಎಲ್ಲಾ ಕರುಗಳ ಥರಾನೇ ಆಗೋಯ್ತಲ್ಲಪ್ಪ” ಅಂತ ಮರುಗಿದರು.

ಹಾಗೇ ಆಗಲಿ ಎಂದು ನಾನು ಬೆಟ್ಟದ ತಾಯಿಗೆ ಹರಕೆ ಹೊತ್ತಿದ್ದನ್ನು ಮಾತ್ರ ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಹೊಲಿಗೆಗೂ ಕುಂಕುಮ ಹಚ್ಚಿಬಿಡುತ್ತಿದ್ದರು.