ಗೋಲ್‌ಕೀಪರ್ ಜಗಳೂರಿಗೆ ಹೋದ ಮಳೆಗಾಲ

ಹೊನ್ನಾಳಿಯಲ್ಲಿ ಮೈದಾನದ ಎದುರಿಗೇ ನನ್ನ ಟೈಲರಿಂಗ್ ಅಂಗಡಿ. ಹೆಂಗಸರ ರವಿಕೆ, ಚೂಡಿದಾರ್ ಹೊಲಿಯುವುದು ನನ್ನ ಕಸುಬು. ಊರಿನ ಫುಟ್‌ಬಾಲ್ ತಂಡದ ಜರ್ಸಿಗಳಿಗೆ ನಂಬರ್ ಹೊಲಿದುಕೊಡುವುದು ಕಸುಬಿಗಿಂತ ಹೆಚ್ಚಾಗಿ ಹುಚ್ಚು.

ಈ ಹುಚ್ಚು ಹಿಡಿಸಿದವನು ನಮ್ಮ ಹಳೆಯ ಗೋಲ್‌ಕೀಪರ್. ಅಂಗಡಿ ತೆರೆದ ಹೊಸದರಲ್ಲಿ ಒಂದು ಸಂಜೆ ಚೆಂಡು ಒಳಗೆ ನುಗ್ಗಿ, ನಾನು ಕತ್ತರಿಸುತ್ತಿದ್ದ ಮದುವೆ ರವಿಕೆಯ ಮೇಲೆ ಕೆಸರು ಬಳಿದಿತ್ತು. ಚೆಂಡನ್ನು ಮಷಿನ್ನಿನ ಕೆಳಗೆ ತಳ್ಳಿ, ಕೊಡುವುದಿಲ್ಲ ಎಂದು ಕೂತೆ. ಕೇಳಲು ಬಂದವನು ಅವನೇ. ಕರೆಂಟ್ ಕಂಬ ಹತ್ತುವ ಲೈನ್‌ಮನ್, ಗಿಡ್ಡ ಆಳು. ಜಗಳ ಆಡಲಿಲ್ಲ.

"ಅಕ್ಕಾರೇ, ಚೆಂಡು ನೀವೇ ತಗೊಂಡು ಬರ್ರಿ. ಹತ್ತು ನಿಮಿಷ ನಿಂತು ಆಟ ನೋಡ್ರಿ. ಆಮೇಲೂ ಸಿಟ್ಟು ಇದ್ರೆ ವಾಪಸ್ ಒಯ್ರಿ" ಎಂದ.

ಹೋದೆ. ಕತ್ತಲಾಗುವವರೆಗೂ ನಿಂತೆ. ಅಂದಿನಿಂದ ಹೊನ್ನಾಳಿ ತಂಡ ಆಡುವ ಒಂದು ಆಟವನ್ನೂ ನಾನು ತಪ್ಪಿಸಿಲ್ಲ.

ಮಳೆ ಮುಗಿದ ಮೇಲೆ ಚನ್ನಗಿರಿ, ನ್ಯಾಮತಿ, ಜಗಳೂರು, ನಮ್ಮೂರು, ಈ ನಾಲ್ಕು ತಂಡಗಳು ತಮ್ಮತಮ್ಮಲ್ಲೇ ಆಡುತ್ತವೆ. ಕಳೆದ ಸಲ ನಾವು ಚನ್ನಗಿರಿಯ ಎದುರು ಕೆಟ್ಟದಾಗಿ ಸೋತೆವು. ಮೂರೂ ಗೋಲು ಒಂದೇ ರೀತಿ ಬಂದವು. ಅವರು ನಮ್ಮ ಎಡಗಡೆಯಿಂದ ಎತ್ತರಕ್ಕೆ ಚೆಂಡು ಎತ್ತುವುದು, ನಮ್ಮ ಗೋಲ್‌ಕೀಪರ್ ಹಾರುವುದು, ಬೆರಳ ತುದಿಗೂ ಸಿಗದೆ ಚೆಂಡು ಹಿಂದೆ ಬೀಳುವುದು. ತಪ್ಪು ಎಡಗಡೆಯ ಡಿಫೆಂಡರನದು ಎಂದು ನಾನು ಊರೆಲ್ಲ ವಾದಿಸಿದೆ. ಗೋಲ್‌ಕೀಪರನ ಎತ್ತರದ ಮಾತು ಬಂದರೆ ಕಿವುಡಿಯಾಗುತ್ತಿದ್ದೆ.

ಜೂನ್ ಬಂತು. ಹೊಳೆ ತುಂಬಿತು, ಮೈದಾನದಲ್ಲಿ ಮೊಣಕಾಲುದ್ದ ಹುಲ್ಲು ಬೆಳೆಯಿತು. ಆಟ ಇಲ್ಲದ ಆ ತಿಂಗಳುಗಳೇ ನನಗೆ ಕಷ್ಟ. ಆಟ ನಡೆಯುವಾಗ ಸೋತರೂ ಎದುರಿಗೆ ಕಾಣುತ್ತದೆ. ಮಳೆಗಾಲದಲ್ಲಿ ತಂಡ ಕರಗುವುದು ಕಾಣುವುದಿಲ್ಲ, ಬರೀ ಕಿವಿಗೆ ಬೀಳುತ್ತದೆ.

ಮೊದಲ ಸುದ್ದಿ ತಂದವಳು ನಮ್ಮ ಒಂಬತ್ತನೇ ನಂಬರಿನವನ ಹೆಂಡತಿ. ತಂಡದ ಗೋಲುಗಳಲ್ಲಿ ಮುಕ್ಕಾಲುಪಾಲು ಅವನ ಕಾಲಿನಿಂದಲೇ ಬರುತ್ತಿದ್ದವು. ಅವಳು ರವಿಕೆ ಅಳತೆಗೆ ಕೈ ಎತ್ತಿ ನಿಂತು, "ಅಕ್ಕಾ, ಇದನ್ನ ಬೇಗ ಕೊಡ್ರಿ, ನಾವು ಚನ್ನಗಿರಿಗೆ ಮನೆ ಬದಲಾಯ್ಸಾಕೆ ಹತ್ತೀವಿ" ಎಂದಳು.

"ಯಾಕೆ?"

"ಅಡಿಕೆ ಮಂಡಿಯಾಗೆ ಕೆಲಸ ಸಿಕ್ಕೈತೆ. ಸಂಜೆ ಅಲ್ಲೇ ಟೀಮಿನಾಗೆ ಆಡ್ತಾರಂತೆ."

ಅಳತೆಯನ್ನೇನೋ ಬರೆದುಕೊಂಡೆ. ಆ ರವಿಕೆಯ ಎರಡು ತೋಳನ್ನೂ ಉಲ್ಟಾ ಕೂರಿಸಿ ಮತ್ತೆ ಬಿಚ್ಚಿದೆ.

ಅದಾಗಿ ಹದಿನೈದು ದಿನಕ್ಕೆ ಗೋಲ್‌ಕೀಪರನೇ ಬಂದ. ಕೈಯಲ್ಲಿ ಒಗೆದು ಮಡಚಿದ ಒಂದನೇ ನಂಬರಿನ ಜರ್ಸಿ. ಜಗಳೂರಿಗೆ ವರ್ಗವಾಗಿತ್ತು.

"ಇದು ತಂಡದ್ದು ಅಕ್ಕಾ, ನಂದಲ್ಲ. ಹೊಸಬ ಬಂದ್ರೆ ಅವನ ಅಳತೆಗೆ ಮಾಡಿ ಕೊಡ್ರಿ" ಎಂದು ಕಟಿಂಗ್ ಟೇಬಲಿನ ಮೇಲೆ ಇಟ್ಟ. ಹೆಚ್ಚು ಮಾತಾಡಿದರೆ ಇಬ್ಬರಿಗೂ ಕಷ್ಟವಾಗುತ್ತಿತ್ತು. ಚಹಾ ತರಿಸಿದೆ, ಕುಡಿದು ಹೋದ.

ತಂಡ ನೋಡಿಕೊಳ್ಳುವವರು ಹೈಸ್ಕೂಲಿನ ನಿವೃತ್ತ ಡ್ರಿಲ್ ಮೇಷ್ಟ್ರು. ಅವರು ಆಗಸ್ಟಿನಲ್ಲಿ ಹೊಸ ಪಟ್ಟಿ ಬರೆದುಕೊಂಡು ಬಂದರು. ಎಡಗಡೆಗೆ ಸಾಸ್ವೆಹಳ್ಳಿಯ ಟ್ರ್ಯಾಕ್ಟರ್ ಡ್ರೈವರ್. ಒಂಬತ್ತನೇ ನಂಬರಿಗೆ ನಮ್ಮೂರಿನ ಮೊಬೈಲ್ ರಿಪೇರಿಯವನು. ಇಷ್ಟು ವರ್ಷ ಬೆಂಚಿನಲ್ಲೇ ಕೂತಿದ್ದವನು. ಗೋಲಿಗೆ ಸೊಕ್ಕೆಯವನೊಬ್ಬ, ಸರ್ಕಾರಿ ಆಸ್ಪತ್ರೆಗೆ ಹೊಸದಾಗಿ ಬಂದ ನರ್ಸ್.

"ಸೊಕ್ಕೆ ಅಂದ್ರೆ ಜಗಳೂರು ತಾಲ್ಲೂಕು. ನಮ್ಮವನ್ನ ಅಲ್ಲಿಗೆ ಕಳ್ಸಿ, ಅಲ್ಲಿಯವನ್ನ ನಾವು ಇಟ್ಕಳಾದಾ ಮೇಷ್ಟ್ರೇ?" ಎಂದೆ.

"ಕಳಿಸಿದ್ದು ಇಲಾಖೆಯೋರು, ನಾನಲ್ಲ" ಎಂದರು ಅವರು.

ಮರುದಿನ ಆ ನರ್ಸ್ ಅಳತೆ ಕೊಡಲು ಬಂದ. ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಬಂದ, ಅಷ್ಟು ಎತ್ತರ. ಜರ್ಸಿ ಅಲ್ಲೇ ಕಪಾಟಿನಲ್ಲಿತ್ತು. ನಾನು ತೆಗೆಯಲಿಲ್ಲ. ಹಬ್ಬದ ಕೆಲಸ ತುಂಬಾ ಇದೆ, ಮುಂದಿನ ವಾರ ಬನ್ನಿ ಎಂದೆ. ಮುಂದಿನ ವಾರ ಮಷಿನ್ ಕೆಟ್ಟಿದೆ ಎಂದೆ. ಮೂರನೇ ಸಲ ಬಂದಾಗ ನನ್ನ ಬಾಯಿಂದ ಬರಬಾರದ ಮಾತು ಬಂತು.

"ಮೊದ್ಲು ಒಂದು ಆಟ ಆಡ್ರಿ. ಆ ಅಂಗಿ ಹಾಕ್ಕಳಾಕೆ ಲಾಯಕ್ಕು ಹೌದೋ ಅಲ್ಲೋ ನೋಡಾಣ."

ಅವನ ಮುಖ ಸಣ್ಣಗಾಯಿತು. "ಆತು ಬಿಡ್ರಿ" ಎಂದಷ್ಟೇ ಹೇಳಿ ಹೊರಟ. ಆ ದಿನ ಮಧ್ಯಾಹ್ನ ಊಟ ಸೇರಲಿಲ್ಲ. ಆದರೂ ಜರ್ಸಿಯ ಹೊಲಿಗೆ ಬಿಚ್ಚಲು ಮನಸ್ಸು ಬರಲಿಲ್ಲ.

ಮಳೆ ಹಿಂದೆ ಸರಿದ ಮೇಲೆ ನ್ಯಾಮತಿಯವರೊಂದಿಗೆ ಅಭ್ಯಾಸದ ಆಟ ನಿಗದಿಯಾಯಿತು. ಭಾನುವಾರ ಅಂಗಡಿಗೆ ಬೀಗ ಹಾಕಿ ನ್ಯಾಮತಿ ಬಸ್ಸು ಹತ್ತಿದೆ. ನಮ್ಮ ಹತ್ತು ಜನ ನಾನು ಹೊಲಿದ ಜರ್ಸಿಯಲ್ಲಿದ್ದರು. ಗೋಲಿನ ಮುಂದೆ ಹಳದಿ ಟೀ ಶರ್ಟು ಹಾಕಿಕೊಂಡು ಆ ಎತ್ತರದವನು. ಬೆನ್ನ ಮೇಲೆ ನಂಬರ್ ಇಲ್ಲ. ಅದನ್ನು ನೋಡಿದಾಗ ಮೊದಲ ಬಾರಿಗೆ ನಾಚಿಕೆಯಾಯಿತು.

ಆಟ ಶುರುವಾಗಿ ಹತ್ತು ನಿಮಿಷಕ್ಕೇ ಅವನು ಗೋಲು ಬಿಟ್ಟು ತೀರಾ ಮುಂದೆ ಬಂದ. ನ್ಯಾಮತಿಯವರು ಅವನ ತಲೆಯ ಮೇಲಿಂದ ಚೆಂಡು ಎತ್ತಿ ಗೋಲಿಗೆ ಹಾಕಿದರು. ನಮ್ಮೂರಿನವರು ನಾಲ್ಕೈದು ಜನ ನನ್ನ ಮುಖ ನೋಡಿದರು. ನಾನು ಅಂದುಕೊಂಡಂತೆಯೇ ಆಗಿತ್ತು, ಆದರೆ ಖುಷಿ ಆಗಲಿಲ್ಲ.

ಆಮೇಲೆ ನಡೆದದ್ದೇ ಬೇರೆ. ಒಂದು ಗೋಲು ಸಿಕ್ಕ ಹುರುಪಿನಲ್ಲಿ ನ್ಯಾಮತಿಯವರು ಚನ್ನಗಿರಿಯವರ ಹಾಗೆಯೇ ಎತ್ತರದ ಚೆಂಡುಗಳನ್ನು ಎತ್ತತೊಡಗಿದರು. ಮೊದಲನೆಯದು ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ತೆಗೆದಾಗ ಚೆಂಡು ಅವನ ಎರಡು ಕೈಯಲ್ಲಿತ್ತು. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ಮರದಿಂದ ಕಾಯಿ ಕೀಳುವಷ್ಟು ಸಲೀಸಾಗಿ ಹಿಡಿಯುತ್ತಿದ್ದ. ಹಿಡಿದವನೇ ಎಡಗಡೆಯವನಿಗೆ, "ಸಾಸ್ವೆಹಳ್ಳಿ, ಒಳಗ್ ಬರಬ್ಯಾಡ, ಗೆರೆ ಹಿಡ್ಕಾ" ಎಂದು ಹೇಳುತ್ತಿದ್ದ. ಟ್ರ್ಯಾಕ್ಟರಿನವನು ಆಮೇಲೆ ಮೈದಾನದ ಪಕ್ಕದ ಗೆರೆ ಬಿಟ್ಟು ಅಲ್ಲಾಡಲಿಲ್ಲ. ಕೊನೆಗೆ ಮೊಬೈಲ್ ರಿಪೇರಿಯವನು ಮೊಣಕಾಲಿನಲ್ಲೋ ಹೊಟ್ಟೆಯಲ್ಲೋ ತಳ್ಳಿ ಒಂದು ಗೋಲು ಸೇರಿಸಿದ. ಅಂದವಿಲ್ಲದ ಗೋಲು. ಆಟ ಸಮವಾಯಿತು.

ಗೆದ್ದಿರಲಿಲ್ಲ. ಆದರೆ ಮೂರು ತಿಂಗಳಿಂದ ಎದೆಯ ಮೇಲೆ ಕೂತಿದ್ದದ್ದು ಇಳಿದಂತಾಯಿತು. ತಂಡ ಕರಗಿರಲಿಲ್ಲ. ನಮ್ಮ ಹಳೆಯವನು ಎಷ್ಟೇ ಜೀವ ಬಿಟ್ಟರೂ ಆ ಎತ್ತರದ ಚೆಂಡುಗಳು ಅವನಿಗೆ ಸಿಗುತ್ತಿರಲಿಲ್ಲ ಎಂಬ ಮಾತನ್ನು ಅಂದು ನನಗೆ ನಾನೇ ಒಪ್ಪಿಕೊಂಡೆ.

ವಾಪಸ್ ಬರುವಾಗ ತಂಡವೂ ಅದೇ ಬಸ್ಸಿನಲ್ಲಿತ್ತು. ನರ್ಸ್ ನನ್ನ ಹಿಂದಿನ ಸೀಟಿನಲ್ಲಿ ಕೂತ. ನಾನು ತಿರುಗಿದೆ.

"ನಾನು ಅವತ್ತು ಅಂದಿದ್ದು ತಪ್ಪಾತು. ನಾಳೆ ಅಳತೆ ಕೊಡಾಕೆ ಬರ್ರಿ."

"ಮೂರು ಸಲ ಬಂದೀನಲ್ರೀ" ಎಂದ. ನಗುತ್ತಿದ್ದ.

"ಸಿಟ್ಟು ಬರ್ಲಿಲ್ವಾ?"

"ಬಂತು. ಆದ್ರೆ ನಿಮ್ಮ ಹಳೇ ಗೋಲ್‌ಕೀಪರು ಮೊದ್ಲೇ ಫೋನಿನಾಗೆ ಹೇಳಿದ್ರು. ಮೈದಾನದ ಎದುರಿಗೆ ಒಬ್ರು ಅಕ್ಕ ಅದಾರೆ, ನನ್ನ ಜಾಗಕ್ಕೆ ಯಾರು ಬಂದ್ರೂ ಬೈತಾರೆ, ಬೇಜಾರ್ ಮಾಡ್ಕಬ್ಯಾಡ ಅಂತ."

ಅವರಿಬ್ಬರಿಗೆ ಪರಿಚಯವಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಜಗಳೂರಿನಲ್ಲಿ ನಮ್ಮವನಿಗೆ ಬಾಡಿಗೆ ಮನೆ ಹುಡುಕಿ ಕೊಟ್ಟವನು ಈ ನರ್ಸಿನ ಅಣ್ಣನಂತೆ. ಹೊನ್ನಾಳಿ ಡಿಫೆನ್ಸಿನಲ್ಲಿ ಯಾರು ಎಲ್ಲಿ ಜಾರುತ್ತಾರೆ ಎಂಬುದನ್ನೆಲ್ಲ ನಮ್ಮವನು ಇವನಿಗೆ ಫೋನಿನಲ್ಲೇ ಪಾಠ ಹೇಳಿದ್ದನಂತೆ. ಎಡಗಡೆಯವನನ್ನು ಗೆರೆಯ ಮೇಲೆ ನಿಲ್ಲಿಸುವ ಬುದ್ಧಿಯೂ ಅಲ್ಲಿಂದಲೇ ಬಂದದ್ದು.

ನರ್ಸಿನ ಫೋನು ಇಸಿದುಕೊಂಡು ಬಸ್ಸಿನಿಂದಲೇ ನಮ್ಮ ಹಳೆಯ ಗೋಲ್‌ಕೀಪರನ ಹತ್ತಿರ ಮಾತಾಡಿದೆ.

"ಜಗಳೂರು ಟೀಮಿಗೆ ಆಡ್ತೀಯಾ?" ಎಂದು ಕೇಳಿದೆ.

"ಆಡ್ತೀನಿ ಅಕ್ಕಾ. ಆಡದೆ ಇರಾಕೆ ಆಗಲ್ಲ."

"ಆಡು. ಆದ್ರೆ ನಾನು ಹೊನ್ನಾಳಿ ಕಡೆನೇ ನಿಂತಿರ್ತೀನಿ."

"ಮತ್ತೆಲ್ಲಿ ನಿಲ್ತೀರಿ?" ಎಂದ.

ಫೋನು ವಾಪಸ್ ಕೊಟ್ಟೆ. ಮುಂದಿನ ಸೀಟಿನಲ್ಲಿ ಮೇಷ್ಟ್ರು ತೂಕಡಿಸುತ್ತಿದ್ದರು. ಅವರನ್ನು ಎಬ್ಬಿಸಿ, ಎಡಗಡೆ ಸರಿಹೋಯಿತು, ಗೋಲು ಸರಿಹೋಯಿತು, ಮಧ್ಯದಲ್ಲಿ ಚೆಂಡು ತಡೆದು ನಿಲ್ಲಿಸುವವನು ಇನ್ನೂ ಒಬ್ಬ ಬೇಕು ಎಂದೆ. ಅವರು ಕಣ್ಣು ತೆರೆಯದೆಯೇ, "ಹುಡುಕಾಣ ಬಿಡಮ್ಮ, ಇನ್ನೂ ಟೈಮ್ ಐತೆ" ಎಂದರು. ಬಹಳ ದಿನಗಳ ಮೇಲೆ ಹಸಿವಾಗಿತ್ತು. ಬಸ್ಸಿಳಿದವಳು ಮನೆಗೆ ಹೋಗುವ ಮೊದಲು ಸ್ಟ್ಯಾಂಡಿನ ಹೋಟೆಲಿಗೆ ನುಗ್ಗಿ ಎರಡು ದೋಸೆ ತಿಂದೆ.