ಹೀಟರ್ ತಂತಿಗೆ ಎರಡು ಗಂಟು

ಹೋದ ವಾರ ವಿಜಯನಗರದ ನಮ್ಮ ಮನೆ ಮುಂದೆ ತಮ್ಮನ ಮಗ ತನ್ನ ಹಳೇ ಜೀಪಿನ ಡ್ಯಾಶ್‌ಬೋರ್ಡ್ ಬಿಚ್ಚಿಸಿದ. ಮುಳ್ಳಿನ ಮೀಟರುಗಳನ್ನು ಕಿತ್ತು ಅಂಕಿ ತೋರಿಸುವ ಹೊಸ ಮೀಟರು ಹಾಕಿಸಬೇಕಂತೆ. ಹೀಟರಿಗೆ ಎಳೆಯುವ ಕಡ್ಡಿ ಬೇಡ, ತಿರುಗಿಸುವ ಗುಂಡಿ ಬೇಕಂತೆ. ಮೈಸೂರಿನ ಬಿಸಿಲಿಗೆ ಹೀಟರ್ ಯಾಕೋ ಎಂದೆ. "ಡಿಸೆಂಬರಲ್ಲಿ ಊಟಿ ಹತ್ತಬೇಕಲ್ಲ ಅತ್ತೆ" ಎಂದ. ಬಿಚ್ಚುವ ಮುಂಚೆ ಹಳೇ ಹೀಟರನ್ನು ಒಂದು ಸಲ ಓಡಿಸಿ ನೋಡಿದರು. ಸುಟ್ಟ ಧೂಳು, ಕಾದ ರಬ್ಬರ್ ಪೈಪು... ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನನ್ನ ಮೂಗಿಗೆ ಆ ವಾಸನೆ ಬಡಿಯಿತು. ವೈರಿಂಗ್ ಮೇಸ್ತ್ರಿ ನೆನಪಾದ.

ಇಪ್ಪತ್ತು ವರ್ಷದ ಮೇಲಾಯಿತು. ಗಂಡ ಸತ್ತ ಮೇಲೆ ನಾನು ಲಕ್ಷ್ಮೀಪುರಂ ಹತ್ತಿರದ ಒಂದು ಗ್ಯಾರೇಜಿನಲ್ಲಿ ಸೀಟು ಹೊಲಿಯುತ್ತಿದ್ದೆ. ಜೀಪಿನ ಸೀಟು, ಮೇಲಿನ ಟಾರ್ಪಾಲು, ಡ್ಯಾಶ್‌ಬೋರ್ಡಿಗೆ ರೆಕ್ಸಿನ್ ಹೊದಿಕೆ. ಮೂಲೆಯಲ್ಲಿ ನನ್ನ ಮಷೀನು, ಪಕ್ಕದಲ್ಲಿ ಮೇಸ್ತ್ರಿಯ ಬೆಂಚು. ಹಳೇ ಜೀಪುಗಳಿಗೆ ಹೀಟರ್ ಕೂರಿಸುವುದರಲ್ಲಿ ಅವನ ಕೈ ಮುಂದೆ ಇನ್ನೊಬ್ಬನಿರಲಿಲ್ಲ. ಕೊಡಗಿನಿಂದ, ನೀಲಗಿರಿ ಕಡೆಯಿಂದ ತೋಟದವರು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಅವನಿಗೆ ಕೆಂಪು, ಹಸಿರು ಬೇರೆ ಬೇರೆ ಕಾಣುತ್ತಿರಲಿಲ್ಲ. ಎರಡೂ ಮಣ್ಣಿನ ಬಣ್ಣ. ಹುಟ್ಟಿದಾಗಿನಿಂದ ಹಾಗೆಯೇ. ಗ್ಯಾರೇಜಿನಲ್ಲಿ ಇದು ನನಗೊಬ್ಬಳಿಗೇ ಗೊತ್ತಿತ್ತು. ಉಳಿದವರು ಟೀ ಕುಡಿಯಲು ಹೋದಾಗ "ಅಕ್ಕ, ಒಂದ್ ಗೇಣು ದಾರ ಕೊಡಿ" ಎಂದು ಬರುತ್ತಿದ್ದ. ನಾನು ತಂತಿ ನೋಡಿ ಬಣ್ಣ ಹೇಳುತ್ತಿದ್ದೆ, ಅವನು ತುದಿಗೆ ದಾರ ಕಟ್ಟುತ್ತಿದ್ದ. ಕೆಂಪಿಗೆ ಒಂದು ಗಂಟು, ಹಸಿರಿಗೆ ಎರಡು. ಆಮೇಲೆ ಬೋರ್ಡಿನ ಹಿಂದೆ ಕೈ ತೂರಿಸಿ, ಎಲ್ಲೋ ನೋಡುತ್ತಾ, ಬೆರಳಲ್ಲೇ ಗಂಟು ಎಣಿಸಿ ತಂತಿ ಸೇರಿಸುತ್ತಿದ್ದ. ನೋಡಿದವರು, ಕಣ್ಣು ಮುಚ್ಚಿಕೊಂಡು ಕೆಲಸ ಮಾಡ್ತಾನೆ ಕಣ್ರೀ ಎಂದು ಹೊಗಳುತ್ತಿದ್ದರು. ಅವನು ಹಲ್ಲು ಕಿರಿಯುತ್ತಿದ್ದ.

ಒಳ್ಳೆಯವನೇ. ಆದರೆ ಬಾಯಿ ಕೆಟ್ಟದ್ದು.

ನನಗೆ ಆಗ ಒಂದಕ್ಷರ ಬರುತ್ತಿರಲಿಲ್ಲ. ಈಗ ಬರೆಯುತ್ತಿರುವುದು ಮುದುಕಿಯಾದ ಮೇಲೆ ಮೊಮ್ಮಗಳ ಹಳೇ ಪುಸ್ತಕ ನೋಡಿ ತಿದ್ದಿ ಕಲಿತದ್ದು. ಒಂದು ದಿನ ತೋಟದ ಯಜಮಾನರೊಬ್ಬರು ಹೆಂಡತಿಯ ಜೊತೆ ಜೀಪು ತಂದರು. ಹೊಸ ಡ್ಯಾಶ್‌ಬೋರ್ಡ್, ಹೀಟರಿಗೆ ಹೊಸ ಗುಂಡಿ, ಎಲ್ಲ ಆಗಬೇಕು. ಬೋರ್ಡು ಬಿಚ್ಚಿ, ಟೀ ಹೊತ್ತು ಕಳೆದ ಮೇಲೆ, ಯಾವ ರೆಕ್ಸಿನ್ ಬೇಕೆಂದು ಆಯಮ್ಮ ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಟ್ಟರು. ನಾನು ಓದುವವಳ ಹಾಗೆ ಹಿಡಿದುಕೊಂಡು ನಿಂತೆ. ತಲೆಕೆಳಗಾಗಿತ್ತು.

"ಏನಕ್ಕಾ, ಚೀಟಿಗೆ ಶೀರ್ಷಾಸನ ಹಾಕಿಸ್ಬುಟ್ರಾ?" ಎಂದ ಮೇಸ್ತ್ರಿ.

ಗ್ಯಾರೇಜೇ ನಕ್ಕಿತು. ಆಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಅವನು ಚೀಟಿ ಕಿತ್ತುಕೊಂಡು ಗಟ್ಟಿಯಾಗಿ ಓದಿ, "ನಮ್ಮಕ್ಕ ಹೆಬ್ಬೆಟ್ಟು, ಅಮ್ಮಾವ್ರೇ. ಬಾಯಲ್ಲೇ ಹೇಳ್ಬೇಕು" ಎಂದ. ಅದೇ ಬೆಳಿಗ್ಗೆ ಅದೇ ಜೀಪಿನ ತಂತಿಗಳ ಬಣ್ಣವನ್ನು ನಾನು ಅವನಿಗೆ ಒಂದೊಂದಾಗಿ ಹೇಳಿಕೊಟ್ಟಿದ್ದೆ.

ಮಧ್ಯಾಹ್ನ ಅವನು ತಂತಿ ಸೇರಿಸುವ ಮುಂಚೆ ಊಟಕ್ಕೆ ಹೋದ. ರೆಕ್ಸಿನ್ ಅಳತೆ ತೆಗೆಯುವ ನೆವದಲ್ಲಿ ಬೋರ್ಡಿನ ಹಿಂದೆ ಕೈ ಹಾಕಿದೆ. ಹಾರ್ನಿನ ತಂತಿ ಕೆಂಪು, ಹೀಟರ್ ಫ್ಯಾನಿನದು ಹಸಿರು. ಎರಡರ ದಾರವನ್ನೂ ಬಿಚ್ಚಿ ಅದಲು ಬದಲು ಮಾಡಿ ಕಟ್ಟಿದೆ. ಗೊತ್ತಿಲ್ಲದೆ ಮಾಡಿದ್ದಲ್ಲ. ಗಂಟು ಅವನದ್ದಕ್ಕಿಂತ ಚೆನ್ನಾಗಿಯೇ ಬಿತ್ತು.

ಸಂಜೆ ಯಜಮಾನರು ಜೀಪು ಹತ್ತಿ ಹೀಟರ್ ಗುಂಡಿ ತಿರುಗಿಸಿದರು. ಹಾರ್ನು ಬಡಿದುಕೊಂಡಿತು. ಗಾಬರಿಯಾಗಿ ಹಾರ್ನು ಒತ್ತಿದರು. ಹೀಟರ್ ಫ್ಯಾನು ಬುಸ್ಸೆಂದು ಆಯಮ್ಮನ ಮುಖಕ್ಕೆ ಧೂಳು ಕಾರಿತು. ಈ ಸಲ ಎಲ್ಲರೂ ನಕ್ಕದ್ದು ಅವನನ್ನು ನೋಡಿ.

ಅಷ್ಟಕ್ಕೇ ಮುಗಿದಿದ್ದರೆ... ಮುಗಿಯಲಿಲ್ಲ. ಗ್ಯಾರೇಜ್ ಓನರ್ ಬೋರ್ಡು ಎಳೆದು ನೋಡಿದ. ಹಸಿರು ಹೋಗಬೇಕಾದ ಕಡೆ ಕೆಂಪು ಹೋಗಿತ್ತು. ಮೇಸ್ತ್ರಿ ಸುಮ್ಮನೆ ಗಂಟು ತಡವುತ್ತಾ ನಿಂತದ್ದು ಕಂಡು ಓನರಿಗೆ ಅನುಮಾನ ಬಂತು. ಒಂದು ತಂತಿ ಎತ್ತಿ ಹಿಡಿದ.

"ಇದ್ಯಾವ್ ಬಣ್ಣ ಹೇಳಯ್ಯ."

ಮೇಸ್ತ್ರಿ ನನ್ನ ಕಡೆ ತಿರುಗಿದ. ಒಂದು ಮಾತು ಸಾಕಿತ್ತು ಅವನಿಗೆ. ಹಸಿರು ರೆಕ್ಸಿನ್ ತುಂಡೊಂದನ್ನು ನಾನು ಎತ್ತಿ ತೋರಿಸಿದ್ದರೂ ಆಗುತ್ತಿರಲಿಲ್ಲ, ಅವನಿಗೆ ಅದೂ ಮಣ್ಣೇ. ಬಾಯಲ್ಲೇ ಹೇಳಬೇಕಿತ್ತು. ನಾನು ತಲೆ ಬಗ್ಗಿಸಿ ಮಷೀನು ತುಳಿದೆ. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ.

"ಕೆಂಪು" ಎಂದ. ಹಸಿರಾಗಿತ್ತು.

ಇನ್ನೊಂದು ಎತ್ತಿದರು, ಮತ್ತೊಂದು ಎತ್ತಿದರು. ಅಲ್ಲಿದ್ದವರಿಗೆ ಅದೊಂದು ಆಟವಾಯಿತು. ಒಬ್ಬ ತನ್ನ ಅಂಗಿ ತೋರಿಸಿ ಇದ್ಯಾವುದು ಎಂದ, ಇನ್ನೊಬ್ಬ ವೀಳ್ಯದೆಲೆ ತೋರಿಸಿದ. ನಲವತ್ತು ದಾಟಿದ ಗಂಡಸು ಶಾಲೆ ಹುಡುಗನ ಹಾಗೆ ಒಂದೊಂದಕ್ಕೂ ಉತ್ತರ ಹೇಳುತ್ತಾ ನಿಂತಿದ್ದ. "ಕುರುಡನ್ನ ಇಟ್ಕಂಡು ಗ್ಯಾರೇಜ್ ನಡೆಸ್ತೀಯೇನಯ್ಯ" ಎಂದರು ಯಜಮಾನರು. ಅಲ್ಲಿಗೆ ಮುಗಿಯಿತು. ಸಾಮಾನು ಚೀಲ ಎತ್ತಿಕೊಂಡು ಹೋಗುವಾಗ ನನ್ನ ಮಷೀನಿನ ಪಕ್ಕ ನಿಂತು ಮೆಲ್ಲಗೆ ಹೇಳಿದ, "ನೀವು ಬಣ್ಣ ಹೇಳ್ಕೊಡ್ತಿದ್ದದ್ದು ಎಲ್ಲೂ ಬಾಯ್ಬುಡಲ್ಲ ಅಕ್ಕ. ನಿಮ್ಗೂ ತೊಂದ್ರೆ."

ಆ ದಿನ ಮನೆಗೆ ಹೋಗಿ ಹೊಟ್ಟೆ ತುಂಬಾ ಉಂಡೆ.

ಆಮೇಲೆ ಒಂದೇ ಸಲ ಸಿಕ್ಕಿದ್ದ. ಇಲ್ಲೇ ಮೈಸೂರಿನ ಹೆಬ್ಬಾಳದ ಒಂದು ಫ್ಯಾಕ್ಟರಿ ಗೇಟಿನಲ್ಲಿ, ವಾಚ್‌ಮನ್ ಬಟ್ಟೆಯಲ್ಲಿ. ಎದುರಿನ ಸಾಲು ಮನೆ ತೋರಿಸಿ, ಅಲ್ಲೇ ಇದೀವಿ, ಬನ್ನಿ ಎಂದ. ಬೇರೆ ಗ್ಯಾರೇಜ್ ಸಿಗಲಿಲ್ಲವಾ ಎಂದು ಕೇಳಿದೆ.

"ಕರೀತಾರೆ ಅಕ್ಕ. ನನ್ ಕೈನ ನಾನೇ ನಂಬಕ್ಕಾಗ್ತಿಲ್ಲ. ನೀವು ಸರಿಯಾಗೇ ಹೇಳಿದ್ರಿ, ನಾನೇ ಗಂಟು ತಪ್ಪಾಕ್ಬುಟ್ಟೆ."

ಆಗಲಾದರೂ ಹೇಳಬಹುದಿತ್ತು. "ಹೋಗ್ಲಿ ಬುಡು" ಎಂದು ಬಸ್ಸು ಹತ್ತಿದೆ.

ಹೋದ ವಾರ ಆ ವಾಸನೆ ಬಡಿದ ಮೇಲೆ ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ಹೆಬ್ಬಾಳಕ್ಕೆ ಹೋದೆ. ಕ್ಷಮೆ ಕೇಳಲು ಅಲ್ಲ. ನಿನ್ನ ಕೈ ತಪ್ಪಿರಲಿಲ್ಲ ಕಣೋ ಎಂದು ಹೇಳಿಬಿಡಬೇಕಿತ್ತು, ಅಷ್ಟೇ. ಮನೆ ಸಿಕ್ಕಿತು. ಅವನ ಹೆಂಡತಿ ಬಾಗಿಲು ತೆಗೆದಳು. ಅವನು ತೀರಿಕೊಂಡು ಎರಡು ವರ್ಷವಾಗಿತ್ತು.

ಸೀಟು ಹೊಲಿಯುತ್ತಿದ್ದವಳು ಎಂದ ಕೂಡಲೇ ಅವಳ ಮುಖ ಅರಳಿತು. "ನಿಮ್ಮನ್ನ ಬಾಳ ನೆನೀತಿದ್ರು ಕಣಮ್ಮ" ಎಂದು ಕೂರಿಸಿ ಕಾಫಿ ಕೊಟ್ಟಳು. ಕೊಟ್ಟ ಕಾಫಿ ಕುಡಿದು ಎದ್ದು ಬರಬಹುದಿತ್ತು. ಬರಲಿಲ್ಲ, ಎಲ್ಲವನ್ನೂ ಹೇಳಿದೆ.

ಅವಳು ಬೈಯಲಿಲ್ಲ. ನನ್ನ ಲೋಟ ಒಳಗೆ ಒಯ್ದು ತೊಳೆದಿಟ್ಟು ಬಂದಳು.

"ನಾನೂ ಆಡ್ಕತಿದ್ದೆ ಅವ್ರನ್ನ" ಎಂದಳು ಕೊನೆಗೆ. "ಎರಡು ಗಂಟು ನೆಟ್ಟಗೆ ಹಾಕಕ್ಕಾಗ್ದೆ ಬಾಳು ಹಾಳ್ಮಾಡ್ಕಂಡ್ರಿ ಅಂತ. ದಿನಾ ಅಂತಿದ್ದೆ. ಸಾಯೋ ಹಿಂದಿನ್ ದಿನಾನೂ ಅಂದೆ... ಇದನ್ನ ಈಗ ಯಾಕ್ ಬಂದ್ ಹೇಳಿದ್ರಿ?"

ಎದ್ದು ಬಂದೆ. ಅವನಿಗೆ ಹೇಳಬೇಕಿದ್ದದ್ದನ್ನು ತಂದು ಅವಳ ಮೇಲೆ ಸುರಿದೆ. ಅವನು ಹೋದ. ಅವಳಿಗೆ ಇನ್ನೂ ಗಟ್ಟಿ ವಯಸ್ಸು, ಬಹಳ ದಿನ ಬದುಕುತ್ತಾಳೆ.