ಹಿತ್ತಲ ಬಾವಿಯ ತಗಡು

ಎಂಬತ್ತರ ದಶಕದ ಆರಂಭ. ಜೆ.ಪಿ. ನಗರದ ನಮ್ಮ ರಸ್ತೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಕತ್ತಲಾದರೆ ಹಿತ್ತಲಿಗೆ ಕಾಲಿಡಲು ನನಗೆ ಭಯ. ಅಲ್ಲೊಂದು ಹಾಳು ಬಾವಿ ಇತ್ತು. ನಲ್ಲಿ ಬಂದ ಮೇಲೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ತಗಡು ಮುಚ್ಚಿ ಮೇಲೆ ಕಲ್ಲು ಹೇರಿದ್ದೆವು. ನಡುಮನೆಯ ಹಿಂಗೋಡೆಗೆ ಅಂಟಿದ ರೂಮಿನಲ್ಲಿ ನಮ್ಮ ಚರ್ಚಿನ ಸಭೆಯವಳೇ ಆದ ಒಬ್ಬ ಹುಡುಗಿ ಬಾಡಿಗೆಗಿದ್ದಳು. ಗಾರ್ಮೆಂಟ್ಸ್ ಕೆಲಸ. ಮದುವೆಯಾಗಿರಲಿಲ್ಲ, ಬಸುರಿ. ನಮ್ಮತ್ತೆಗೆ ಅವಳ ಮೇಲೆ ಕೆಂಡದಂಥ ಕೋಪ. ಆದರೂ ದಿನಾ ಸಂಜೆ ಬೈಯುತ್ತಲೇ ಒಂದು ಲೋಟ ಹಾಲು ಕೊಟ್ಟು ಬರುತ್ತಿದ್ದರು.

ಗುರುವಾರ ನಮ್ಮಲ್ಲಿ ಪ್ರಾರ್ಥನಾ ಕೂಟ. ನಮ್ಮವರದೊಂದು ಚಾಳಿಯಿದೆ, ನೆನೆದರೆ ಈಗಲೂ ಮೈ ಉರಿಯುತ್ತದೆ: ಚಾಡಿ ಹೇಳುವುದು ಪಾಪ ಎಂದು ತುಟಿ ಬಿಗಿಹಿಡಿದವರು, ಕಣ್ಣು ಮುಚ್ಚಿದ ಕೂಡಲೇ ಅದನ್ನೇ ದೇವರಿಗೆ ಗಟ್ಟಿಯಾಗಿ ಒಪ್ಪಿಸುತ್ತಾರೆ. ಅವತ್ತು ಸಭೆಯ ಹಿರಿಯರೊಬ್ಬರು ಎದ್ದು ನಿಂತರು. "ಕರ್ತನೇ, ಈ ಮನೆ ಹಿಂದೆ ಇರೋ ಆ ಮಗಳು ನಿನ್ನ ನಾಮಕ್ಕೆ ಮಸಿ ಬಳಿದಿದ್ದಾಳೆ..." ಎಂದು ಶುರುವಾದದ್ದು, ಅವಳು ಯಾರ ಸ್ಕೂಟರ್ ಹತ್ತಿದಳು, ಅವಳ ತಾಯಿ ಎಂಥವಳು ಎನ್ನುವವರೆಗೂ ಹೋಯಿತು. ದೇವರಿಗೆ ಗೊತ್ತೇ ಇರಲಿಲ್ಲವೇನೋ, ಪಾಪ! ಕೂತವರು ಮಾತು ಮಾತಿಗೂ "ಆಮೆನ್" ಎನ್ನುತ್ತಿದ್ದರು. ಗೋಡೆಯ ಆಚೆ ಅವಳು ಕೆಮ್ಮಿದರೂ ನಮಗೆ ಕೇಳುತ್ತಿತ್ತು.

ಅವಳ ರೇಡಿಯೋ ಹಾಡುತ್ತಿದ್ದದ್ದು ನಿಂತಿತು. ಚಿಲಕ ತೆಗೆದ ಸದ್ದು. ಆಮೇಲೆ ಹಿತ್ತಲಲ್ಲಿ ಕಲ್ಲು ಉರುಳಿತು, ತಗಡು ಕಿರ್ರೆಂದು ಸರಿಯಿತು. ನೀರಿಗಾಗಿ ಅಲ್ಲಿಗೆ ಯಾರೂ ಹೋಗುವುದಿಲ್ಲ. ಕಣ್ಣು ಬಿಟ್ಟೆ. ಉಳಿದವರೆಲ್ಲ ಕಣ್ಣು ಮುಚ್ಚಿಯೇ ಇದ್ದರು. ಅತ್ತೆ ಆಗಲೇ ಬಾಗಿಲು ದಾಟಿದ್ದರು.

ಹಿಂದೆಯೇ ಓಡಿದೆ. ಹುಡುಗಿ ಕಾಲು ಒಳಗೆ ಇಳಿಬಿಟ್ಟು ಬಾವಿಕಟ್ಟೆಯ ಮೇಲೆ ಕೂತಿದ್ದಳು. ಒಳಗಿಂದ ಇನ್ನೂ "ಆಮೆನ್" ಕೇಳುತ್ತಿತ್ತು. ಅತ್ತೆ ಕೂಗಲಿಲ್ಲ. ಮೆಲ್ಲಗೆ ಹೋಗಿ ಅವಳ ಮಣಿಕಟ್ಟು ಹಿಡಿದರು.

"ಕೊಟ್ಟಿದ್ದ ಹಾಲು ಕುಡಿದ್ಯೇನೇ?"

"ಇಲ್ಲ ಆಂಟಿ."

"ಮತ್ತೆ? ಆರಿ ಹೋಗತ್ತೆ. ಏಳು."

ಹಿಡಿದ ಕೈ ಬಿಡದೆ ಅವಳನ್ನು ಒಳಗೆ ಕರೆತಂದು ಪಕ್ಕದಲ್ಲೇ ಕೂರಿಸಿಕೊಂಡರು. ನನಗೆ ಹಾಲು ತರಲು ಹೇಳಿದರು. ಹಿರಿಯರು ಕಣ್ಣು ಬಿಟ್ಟು, "ಏನಮ್ಮಾ, ಪ್ರಾರ್ಥನೆ ಮಧ್ಯ ಎಲ್ಲಿಗೆ ಹೋಗಿದ್ರಿ?" ಎಂದರು.

"ಬಾವಿ ಹತ್ರ. ನಿಮ್ಮ ಪ್ರಾರ್ಥನೆ ಕೇಳಿಸ್ಕೊಂಡು ಇವಳು ಅಲ್ಲಿಗೆ ಹೋಗಿದ್ಲು. ತಪ್ಪು ಮಾಡಿದ ಹೆಂಗಸಿಗೆ ಹೊಡೆಯೋಕೆ ಕಲ್ಲು ಹಿಡ್ಕೊಂಡು ನಿಂತವ್ರಿಗೆ, ಪಾಪ ಮಾಡದೋನು ಮೊದಲು ಕಲ್ಲು ಎಸೀಲಿ ಅಂತ ಯೇಸುಸ್ವಾಮಿ ಅಂದ್ರು ಅಂತ ಹೋದ್ ಭಾನುವಾರ ನೀವೇ ಅಲ್ವಾ ಹೇಳಿದ್ದು?"

ಯಾರೂ ಆಮೆನ್ ಅನ್ನಲಿಲ್ಲ. ಹಿರಿಯರ ಮುಖ ಬಿಳಿಚಿಕೊಂಡಿತು. ನೆಟ್ಟಗೆ ಹಿತ್ತಲಿಗೆ ಹೋದರು. ತಗಡು ಎಳೆದು ಮುಚ್ಚಿದ ಸದ್ದು ಕೇಳಿತು. ಅದರ ಮೇಲೆ ಒಂದು ಕಲ್ಲು, ಮತ್ತೊಂದು, ಇನ್ನೂ ಒಂದು. ಪ್ರತಿ ಸದ್ದಿಗೂ ಹುಡುಗಿ ಬೆಚ್ಚಿಬೀಳುತ್ತಿದ್ದಳು. ಅತ್ತೆ ಎಡಗೈಯಲ್ಲೇ ಲೋಟ ಹಿಡಿದು ಅವಳ ಬಾಯಿಗಿಟ್ಟರು. ಬಲಗೈ ಅವಳ ಮಣಿಕಟ್ಟನ್ನು ಬಿಡಲೇ ಇಲ್ಲ.